ಕೆಂಚನ ಮುಳ್ಳುಪಟ್ಟಿ

5 ನವೆಂಬರ್ 1978, ಭಾನುವಾರ

ಇವತ್ತೂ ಗುಡ್ಡ. ಮದುವೆಯಾದ ಮೇಲೆ ಇದು ಮೂರನೆಯ ಸಲ. ಇವರು, ನಾನು, ತೋಟದ ನಾಯಿ ಕೆಂಚ. ಸ್ವರ್ಗ, ಸ್ವರ್ಗ. ನೆತ್ತಿಯ ಬಂಡೆ ಮೇಲೆ ನಿಂತರೆ ಕೆಳಗೆ ಬರೀ ತೆಂಗಿನ ತಲೆಗಳು, ತಿಪಟೂರಿನವರೆಗೂ ಹಾಸಿದ ಹಾಗೆ. ನಮ್ಮ ಮನೆಯ ಹೆಂಚು ಎಲ್ಲಿ ಅಂತ ಹುಡುಕಿದೆವು. ಸಿಗಲಿಲ್ಲ. ಇವರು ಅಲ್ಲೇ ಕೈ ಹಿಡಿದರು. ಕೆಂಚ ನೋಡಿಬಿಟ್ಟ. ನಾಚಿದ್ದು ನಾನಲ್ಲ, ಇವರು.

ಅತ್ತೆ ಕೇಳಿದರು, "ಕುರಿ ಕಾಯೋರು ಹತ್ತೋ ಗುಡ್ಡ ಕಣವ್ವ ಅದು. ನೀವೇನು ಹರಕೆ ಹೊತ್ತಿದ್ದೀರಾ?"

"ಹೈಕಿಂಗ್ ಅಂತಾರೆ ಅತ್ತೆ."

"ಏನಾರ ಅನ್ನಲಿ ಬುಡು. ಕಟ್ಟಿಕೊಟ್ಟ ಬುತ್ತಿ ಖಾಲಿಯಾಗಿ ಬರುತ್ತಲ್ಲ, ಸಾಕು."

ಒಂದೇ ಬೇಸರ — ಕೆಂಚನ ಕೊರಳಪಟ್ಟಿ. ದಪ್ಪ ತೊಗಲು, ಸುತ್ತಲೂ ಹೊರಕ್ಕೆ ಚಾಚಿದ ಕಬ್ಬಿಣದ ಮೊಳೆ. ಎಷ್ಟು ಕ್ರೂರ. ನಾವು ಹೊರಟಾಗಲೆಲ್ಲ ತೋಟ ನೋಡಿಕೊಳ್ಳುವ ಗಿಡ್ಡಯ್ಯ ಅದನ್ನು ಕಟ್ಟಿ, ಎರಡು ಸಲ ಜಗ್ಗಿ ನೋಡಿ ಕಳಿಸುತ್ತಾನೆ. ಬೆಂಗಳೂರಿಂದ ಕೆಂಪು ಬೆಲ್ಟ್ ತರಿಸಿದ್ದೇನೆ. ಗುಟ್ಟು.

13 ನವೆಂಬರ್, ಸೋಮವಾರ

ನಿನ್ನೆ ಮತ್ತೆ ಗುಡ್ಡಕ್ಕೆ ಹೋಗಿದ್ದೆವು. ಬಂದ ಮೇಲೆ ಬರೆಯಲಾಗಲಿಲ್ಲ.

ಬಂಡೆ ಮೇಲೆ ಫೋಟೋಗೆ ಅಂತ ಮುಳ್ಳುಪಟ್ಟಿ ಬಿಚ್ಚಿ ಕೆಂಪು ಬೆಲ್ಟ್ ಹಾಕಿದೆ. ಇವರು ಬೇಡ ಅಂದರು. "ಗುಡ್ಡದಲ್ಲಿ ಅದು ಇರ್ಬೇಕು ಕಣೇ." ಒಂದೇ ಫೋಟೋ, ಪ್ಲೀಸ್, ಅಂದೆ. ಇಡೀ ರೋಲು ಮುಗಿಯಿತು. ಪಟ್ಟಿ ನನ್ನ ಬ್ಯಾಗಿನಲ್ಲೇ ಉಳಿಯಿತು. ಸನ್‌ಸೆಟ್ ನೋಡಿಯೇ ಇಳಿಯೋಣ ಅಂತ ಹಟ ಮಾಡಿದವಳೂ ನಾನೇ.

ಇಳಿಯುವಾಗ ಕೆಂಚ ಮುಂದೆ. ಲಂಟಾನ ಪೊದೆ. ಒಂದು ಸದ್ದು… ಇವರು ಕೂಗುತ್ತ ಕಲ್ಲು ಬೀರಿದರು. ಚಿರತೆ ಬಿಟ್ಟು ಹೋಯಿತು. ನಾನು ಕಂಡದ್ದು ಬಾಲ ಮಾತ್ರ. ಇವರು ಹರಿದ ಕೆಂಪು ಬೆಲ್ಟ್ ಬಿಚ್ಚಿ ನನ್ನ ಬ್ಯಾಗಿಗೆ ಹಾಕಿ, ಕೆಂಚನನ್ನು ಶರ್ಟಿನಲ್ಲಿ ಸುತ್ತಿ ಹೊತ್ತು ತಂದರು.

ಮಾವನವರು ಮೊದಲು ನೋಡಿದ್ದೇ ಕುತ್ತಿಗೆ. "ಪಟ್ಟಿ ಎಲ್ಲೋ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು, "ಎಲ್ಲೋ ಬಿದ್ದೋಯ್ತು ಅಪ್ಪಾಜಿ. ಕೊಕ್ಕೆ ಸಡಿಲ ಇತ್ತೇನೋ."

"ಚಿರತೆ ಬಾಯಿ ಹಾಕೋದೇ ಕುತ್ತಿಗೆಗೆ. ಅದಕ್ಕೇ ಅಲ್ವೇನೋ ಆ ಮೊಳೆ." ಗಿಡ್ಡಯ್ಯನ ಕಡೆ ತಿರುಗಿದರು. "ಹೆಂಗೆ ಕಟ್ಟಿದ್ಯಲಾ?"

ಗಿಡ್ಡಯ್ಯ ತನ್ನ ಕೈಗಳನ್ನೇ ನೋಡಿಕೊಂಡ. "ಜಗ್ಗಿ ನೋಡಿದ್ದೆ ಬುದ್ಧಿ… ನೋಡಿದ್ದೆ ಅನ್ಸುತ್ತೆ."

ನಾನು ಬಾಯಿ ಮುಚ್ಚಿದೆ.

16 ನವೆಂಬರ್

ದನದ ಡಾಕ್ಟರು ಹೊಲಿಗೆ ಹಾಕಿದ್ದಾರೆ. ಉಳಿಯುತ್ತಾನಂತೆ. ಬೊಗಳಲು ಹೋದರೆ ಬರೀ ಗಾಳಿ ಬರುತ್ತದೆ. ಹಾಲು ನನ್ನ ಕೈಯಿಂದ ಮಾತ್ರ ಕುಡಿಯುತ್ತಾನೆ — ಬೇರೆ ಯಾರ ಕೈಯೂ ಬೇಡವಂತೆ. ಬಾಲ ಬೇರೆ ಆಡಿಸುತ್ತಾನೆ.

ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು, "ನಾಯಿ ಅಂದ್ರೆ ಏನು ಪ್ರಾಣ ನೋಡ್ರೀ ನಮ್ಮ ಸೊಸೆಗೆ." ಬೈದಿದ್ದರೆ ಚೆನ್ನಾಗಿತ್ತು.

ನಿಜ ಹೇಳಿಬಿಡೋಣ ಅಂತ ಇವರನ್ನು ಕೇಳಿದೆ. "ಹೊಸ ಸೊಸೆ ನೀನು. ನಾಕು ದಿನ ಸುಮ್ನಿರು ಗಿರಿಜಾ, ಎಲ್ರೂ ಮರೀತಾರೆ."

ಸಮಾಧಾನವಾಯಿತು. ಹೌದು, ಸಮಾಧಾನವೇ ಆಯಿತು. ಛೀ.

17 ನವೆಂಬರ್, ಸಂಜೆ

ಗಿಡ್ಡಯ್ಯ ನಿನ್ನೆಯಿಂದ ತೋಟದಲ್ಲಿ ಕಾಣಲಿಲ್ಲ. ಈಗ ಬಂದ. ಮೊಣಕಾಲಿನ ಕೆಳಗೆಲ್ಲ ಮುಳ್ಳು ತರಚಿದ ಗೀರು. ಎರಡು ದಿನವೂ ಗುಡ್ಡದಲ್ಲಿ ಪಟ್ಟಿ ಹುಡುಕಿದ್ದಾನೆ. ಪಟ್ಟಿ ಇರುವುದು ನನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ.

ಕಾಫಿ ಕೊಟ್ಟೆ. "ಎಲ್ಲೂ ಇಲ್ಲ ಕಣ್ರವ್ವ," ಅಂದ. "ಆ ಕೊಕ್ಕೆ ಒಂದ್ಸಲ ನೋಡ್ಬೇಕು ನಾನು. ನನ್ನ ಕೈಯೇ ತಪ್ಪಿತಾ, ಏನು ಅಂತ ಗೊತ್ತಾಗ್ಬೇಕಲ್ಲ. ಯಾವ ಪೊದೆ ಹತ್ರ ಬಿದ್ದಿರ್ಬೋದು, ಹೇಳ್ರವ್ವ."

"ಬಂಡೆಯ ಬಲಕ್ಕೆ," ಅಂದೆ.

ಯಾಕೆ ಅಂದೆ? ಬಾಯಿಗೆ ಬಂತು, ಅಂದೆ. ಬಲಕ್ಕೆ ಇರುವುದೇ ಆ ಲಂಟಾನ. ನಾಳೆ ಅಲ್ಲಿಗೆ ಹೋಗುತ್ತಾನೆ. ಒಬ್ಬನೇ.

18 ನವೆಂಬರ್, ಬೆಳಿಗ್ಗೆ ಆರೂವರೆ

ಗಿಡ್ಡಯ್ಯ ಅಂಗಳದಲ್ಲಿದ್ದಾನೆ. ಕೈಯಲ್ಲಿ ಕುಡುಗೋಲು. ಮಾವನವರ ದನಿ ಇಲ್ಲಿಗೆ ಕೇಳುತ್ತದೆ.

"ಬೇರೆ ಪಟ್ಟಿ ಹೊಲಿಸ್ತೀನಿ, ಬುಡಲಾ. ಚಿರತೆ ಇನ್ನೂ ಅಲ್ಲೇ ಐತೆ."

"ಇಲ್ಲ ಬುದ್ಧಿ. ಅವ್ವೋರು ಜಾಗ ಹೇಳವ್ರೆ. ಹೋಗ್ಬತ್ತೀನಿ."

ಟ್ರಂಕು ತೆರೆದೆ. ಪಟ್ಟಿ ಹೊರಗೆ ತೆಗೆದೆ. ಒಂದು ಮೊಳೆಗೆ ಕೆಂಚನ ಕೂದಲು ಸಿಕ್ಕಿಕೊಂಡಿದೆ. ಕೊಕ್ಕೆ ಹಾಕಿ ಎರಡು ಸಲ ಜಗ್ಗಿ ನೋಡಿದೆ, ಅವನ ಹಾಗೆಯೇ. ಬಿಚ್ಚಿಕೊಳ್ಳಲಿಲ್ಲ.

ಇವರು ಇನ್ನೂ ಮಲಗಿದ್ದಾರೆ. ಎಬ್ಬಿಸುವುದಿಲ್ಲ. ಸೆರಗಿನಡಿ ಇಟ್ಟುಕೊಂಡು ಹೊರಟೆ, ಮೊಳೆ ಹೊಟ್ಟೆಗೆ ಚುಚ್ಚಿತು. ಬಾಗಿಲಿಂದಲೇ ವಾಪಸ್ಸು ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ, ಹೇಡಿ. ಸೆರಗು ಬೇಡ. ಕೈಯಲ್ಲೇ ಹಿಡಿದು, ಎಲ್ಲರಿಗೂ ಕಾಣುವ ಹಾಗೆ… ಗೇಟಿನ ಸದ್ದು. ಅವನು ಹೊರ—