ನನ್ನ ಇಷ್ಟದಿಂದಲೇ

ಮಾರ್ಚ್ ೧೧, ಮಂಗಳವಾರ

ಪೈಜಾಮದ ಲಾಡಿಯನ್ನು ಇವತ್ತೂ ಕೊಡಲಿಲ್ಲ. ನಾನೇನಾದರೂ ಮಾಡಿಕೊಂಡೇನು ಎಂಬ ಭಯವಂತೆ. ಹತ್ತೊಂಬತ್ತು ತುಂಬಿದವಳನ್ನು ಒಂದು ಮಾತೂ ಕೇಳದೆ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕುವುದು ಯಾವ ನ್ಯಾಯ ಎಂದು ವಾರವಿಡೀ ವಾದಿಸಿದೆ, ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡೇ. ಹಾಗೆ ನಿಂತವಳ ಹಕ್ಕಿನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? "ಕಾಯಿಲೆ ಇದೆ ಅಂತಾನೇ ಗೊತ್ತಾಗ್ತಿಲ್ಲ, ಪಾಪ" ಎನ್ನುತ್ತಿದ್ದರು ಡಾಕ್ಟರ್. ಅದೂ ಅಮ್ಮನಿಗೆ, ನನಗಲ್ಲ.

ನಿನ್ನೆ ಪಕ್ಕದ ಹಾಸಿಗೆಯ ಅಕ್ಕ ಉಪಾಯ ಹೇಳಿಕೊಟ್ಟಳು. "ತಲೆ ಕೆಟ್ಟಿದೆ ಅಂತ ಒಪ್ಕೊಂಡ್ಬಿಡೇ. ಅವತ್ತೇ ಬಿಡ್ತಾರೆ."

ಇವತ್ತು ಒಪ್ಪಿಕೊಂಡೆ. "ನಂಗೆ ಹುಷಾರಿಲ್ಲ ಡಾಕ್ಟ್ರೇ, ಅಮ್ಮ ಕರ್ಕೊಂಡ್ ಬಂದಿದ್ದೇ ಒಳ್ಳೇದಾಯ್ತು" ಎಂದೆ. ಅಮ್ಮ ಖುಷಿಗೆ ಅತ್ತೇಬಿಟ್ಟಳು. ಡಾಕ್ಟರ್ ಬೆನ್ನು ತಟ್ಟಿದರು. "ಜಾಣೆ! ಇನ್ಮೇಲೆ ಬಲವಂತ ಏನಿಲ್ಲಮ್ಮ. ನೀನೇ ಇಷ್ಟಪಟ್ಟು ಇದೀಯ ಅಂತ ಬರ್ಕೋತೀವಿ. ಆರಾಮಾಗಿರು, ಅವಸರ ಏನು?"

ಅಳುತ್ತಾ ಬಂದು ಅಕ್ಕನಿಗೆ ಹೇಳಿದರೆ ಅವಳು ಕಿಸಕ್ಕನೆ ನಕ್ಕಳು.

"ನಂಗೂ ಇದನ್ನೇ ಹೇಳಿದ್ರು ಕಣೇ. ನೀನೂ ಹೋಗ್ಬಿಟ್ರೆ ನಂಗ್ಯಾರಿದಾರೆ?"

ಆಮೇಲೆ ಎದ್ದು ಬಂದು, ಅಮ್ಮನ ಹಾಗೆಯೇ, ನನ್ನ ಹೊದಿಕೆ ಸರಿಮಾಡಿದಳು.