ಒಂದೇ ಬದಿಗೆ ಎರಡು ತೋಳು

೯ ಮಾರ್ಚ್
ಆಸ್ಪತ್ರೆ, ಮೂರನೇ ಮಹಡಿ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಮೊದಲು ಒಳ್ಳೆಯ ಸುದ್ದಿ: ನಮ್ಮವರು ನಿನ್ನೆ ನನ್ನ ಗುರುತು ಹಿಡಿದರು. ಇಷ್ಟು ದಿನ ನನ್ನನ್ನು ಯಾರೋ ಗಿರಾಕಿ ಎಂದುಕೊಂಡು, "ನಾಳೆ ಬನ್ನಿ, ಗುಂಡಿಗೆ ಕಾಜಾ ಹೊಲಿಯೋದೊಂದು ಬಾಕಿ ಇದೆ" ಎನ್ನುತ್ತಿದ್ದರು. ಟೈಲರ್ ಬುದ್ಧಿ ಜ್ವರದಲ್ಲೂ ಬಿಡಲಿಲ್ಲ ನೋಡು.

ವೈರಸ್ ಹೊಕ್ಕು ಮೆದುಳಿಗೆ ಊತ ಬಂದಿದೆಯಂತೆ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡಿದರು. ಎಂಟು ಗಂಟೆಗೊಮ್ಮೆ ಡ್ರಿಪ್ಪಿನಲ್ಲಿ ಔಷಧಿ, ಇಪ್ಪತ್ತೊಂದು ದಿನ ತಪ್ಪಬಾರದು. ನನಗೆ ಇಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ಬಾಟಲಿಯ ಮೇಲಿನ ಹೆಸರನ್ನು ಚೀಟಿಯ ಜೊತೆ ಅಕ್ಷರ ಅಕ್ಷರ ಹೋಲಿಸುತ್ತೇನೆ. ಡಾಕ್ಟರುಗಳು ತಮ್ಮತಮ್ಮಲ್ಲೇ ಪಿಸುಗುಟ್ಟಿದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ಮೊನ್ನೆ ನರ್ಸಮ್ಮ ಅರ್ಧ ಗಂಟೆ ತಡ ಮಾಡಿದಳು. ಕೂಗಾಡಿಬಿಟ್ಟೆ. ಅವಳು ಡ್ರಿಪ್ ಸರಿಮಾಡುತ್ತಾ, "ಅಷ್ಟಕ್ಕೆಲ್ಲ ಏನೂ ಆಗಲ್ಲಮ್ಮ. ಇದರಲ್ಲಿ ಮೊದಲ ದಿನಗಳೇ ಮುಖ್ಯ. ನೀವು ಶುರುವಾದ ಮಾರನೇ ದಿನಾನೇ ಕರ್ಕೊಂಡು ಬಂದ್ರಲ್ಲ, ಅದೇ ಪುಣ್ಯ" ಎಂದಳು. ಚುಚ್ಚಿ ಹೇಳಿದಳೋ, ಮನಸಾರೆ ಹೇಳಿದಳೋ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಮೇಲೆ ನಾನು ಅವಳ ಜೊತೆ ಜಗಳಕ್ಕೆ ಹೋಗಿಲ್ಲ.

ಇನ್ನು ಐದು ದಿನದ ಔಷಧಿ ಇದೆ. ಬಲಗೈ ಬೆರಳುಗಳು ಇನ್ನೂ ಸೂಜಿ ಹಿಡಿಯುವುದಿಲ್ಲ. "ಕಾದು ನೋಡೋಣ" ಎನ್ನುತ್ತಾರೆ ಡಾಕ್ಟರು, ಅದಕ್ಕಿಂತ ಹೆಚ್ಚು ಬಾಯಿ ಬಿಡುವುದಿಲ್ಲ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಮ್ಮ ಮೇಲೆ ನಿನ್ನ ಹಾರೈಕೆಯಿರಲಿ.

ನಿನ್ನ ತಂಗಿ

ತಾ.ಕ.: ಮಾರನೇ ದಿನ ಅಲ್ಲ ಅಕ್ಕ, ಮೂರನೇ ದಿನ. ಆ ಸೋಮವಾರ ಇವರು ಒಂದು ಕೋಟಿನ ಎರಡೂ ತೋಳುಗಳನ್ನು ಒಂದೇ ಬದಿಗೆ ಹೊಲಿದು ನಗುತ್ತಾ ಕೂತಿದ್ದರು. ಕುಡಿತ ಬಿಟ್ಟು ಆರು ವರ್ಷವಾಗಿತ್ತು. ಬಾಯಿ ಮೂಸಿದೆ, ವಾಸನೆ ಇರಲಿಲ್ಲ. ವಾಸನೆ ಬಾರದ್ದೇನನ್ನೋ ಕುಡಿದಿದ್ದಾರೆ ಎಂದುಕೊಂಡೆ. ಮೈ ಸುಡುತ್ತಿದ್ದದ್ದೂ ಅದಕ್ಕೇ ಎಂದುಕೊಂಡೆ. ಹಿಂದೆಲ್ಲ ಕುಡಿದು ಬಂದಾಗ ನೀನು ಹೇಳಿಕೊಟ್ಟಂತೆ ಮಾಡುತ್ತಿದ್ದೆನಲ್ಲ, ಹಾಗೇ ಹೊಲಿಗೆ ಕೋಣೆಗೆ ತಳ್ಳಿ, ಅಮಲು ಇಳಿಯಲಿ ಎಂದು ಹೊರಗಿನಿಂದ ಚಿಲಕ ಹಾಕಿದೆ. ಊಟ ಒಳಗಿಟ್ಟು ಮತ್ತೆ ಚಿಲಕ ಹಾಕುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಬುಧವಾರ ಫಿಟ್ಸ್ ಬಂದು ಮೆಷಿನ್ನಿನ ಮೇಲೆ ಬಿದ್ದ ಸದ್ದಿಗೆ ಓಡಿದೆ. ಡಾಕ್ಟರು ಕೇಳಿದಾಗ "ನಿನ್ನೆಯಿಂದ" ಎಂದೆ.

ಇವತ್ತು ಇವರು ಕೇಳಿದರು: "ಆವತ್ತು ಯಾರೋ ತುಂಬಾ ಹೊತ್ತು ಬಾಗಿಲು ಬಡೀತಾ ಇದ್ರು ಕಣೇ. ಪಾಪ, ತೆಗೆದ್ಯಾ?"

ತೆಗೆದೆ ಎಂದೆ.