ಹಳದಿ ವಿಮಾನದ ಒಳಮೈ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಎರಡು ವ್ಯಾನ್ ಸೀಟು ಹೊಲಿಯುವುದು ಬಾಕಿ. ಒಂದಕ್ಕೆ ಸ್ಪಂಜು ಕತ್ತರಿಸಿಟ್ಟಾಯಿತು. ಒಂಬತ್ತಕ್ಕೆ ಬಂದು ಒಯ್ಯುತ್ತೇನೆ ಎಂದಿದ್ದಾನೆ ಮೀಸೆ ಮೆಕ್ಯಾನಿಕ್. ಅಂದರೆ ಹನ್ನೊಂದಕ್ಕೆ.

ಅಷ್ಟರೊಳಗೆ ಅವಳ ಕಂಪ್ಯೂಟರ್ ತೆರೆದೆ. ಹೆಂಡತಿ ಹೋದ ಮೇಲೆ ಇದೇ ಮೊದಲು. ನಾಲ್ಕು ತಿಂಗಳು ಮೂರು ದಿನ.

ಮುಟ್ಟುತ್ತಿರಲಿಲ್ಲ. ಆದರೆ ನಿನ್ನೆ ಅವಳ ವಿಮಾನದ ಗುಂಪಿನವರು ಮೆಸೇಜ್ ಹಾಕಿದ್ದಾರೆ. ಭಾನುವಾರ ಸಂಜೆ ಎಲ್ಲರೂ ಅವರವರ ಮನೆಯಲ್ಲೇ ಕೂತು, ಕಂಪ್ಯೂಟರಿನಲ್ಲೇ ವಿಮಾನ ಓಡಿಸುವ ಆ ಸಿಮ್ಯುಲೇಟರಿನಲ್ಲಿ ಒಟ್ಟಿಗೆ ಹಾರುತ್ತಿದ್ದರು. ಇಪ್ಪತ್ತಮೂರಕ್ಕೆ ಅವಳ ನೆನಪಿಗೆ ಹಾರುತ್ತಾರಂತೆ. ಅವಳ ಹಳದಿ ವಿಮಾನ ಸಾಲಿನಲ್ಲಿ ಇರಬೇಕಂತೆ. ನಾನು ತರಬೇಕಂತೆ.

ಪಕ್ಕದಲ್ಲಿ ಕೂತು ನೋಡಿದ್ದು ಹನ್ನೊಂದು ವರ್ಷ. ಓಡಿಸಿದ್ದು ಇಲ್ಲ.

ತೆರೆದು ನೋಡಿದೆ. ಹೊರಗಿನಿಂದ ಎಲ್ಲ ಸರಿ — ರೆಕ್ಕೆ, ಬಾಲದ ಪುಟ್ಟ ಚಕ್ರ, ಮೈಯೆಲ್ಲ ಹಳದಿ. ಒಳಗೆ ಹೋದರೆ ಒಳಗೇ ಇಲ್ಲ! ಸೀಟಿಲ್ಲ, ಮೀಟರಿಲ್ಲ. ಬರೀ ಆಕಾಶ.

ಆಮೇಲೆ ನೆನಪಾಯಿತು. “ಹಳದೀದು ನೋಡೋಕೆ ಚೆಂದ, ಕೂರೋಕೆ ದರಿದ್ರ. ನೀಲಿ ವಿಮಾನದ ಕಾಕ್‌ಪಿಟ್ ಎತ್ತಿ ಇದಕ್ಕೆ ಹಾಕ್ತೀನಿ ನೋಡ್ತಿರು” ಅಂದಿದ್ದಳು. ಅಕ್ಟೋಬರಿನಲ್ಲಿ. ಅದಾದ ವಾರಕ್ಕೆ ಆಸ್ಪತ್ರೆ.

ಮಾರ್ಚ್ 4. ಸಂಜೆ

ಗುಂಪಿನ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ನಿಜವಾಗಿ ಹಲ್ಲಿನ ಡಾಕ್ಟರು. ಬಾಯಿ ತೆಗೀರಿ ಅನ್ನುವ ಧಾಟಿಯಲ್ಲೇ ಫೈಲ್ ತೆಗೀರಿ ಅಂದರು.

“ಎರಡು ಸಾಲು ಕಾಣ್ತಾ? ಒಂದು ಹೊರಮೈಗೆ, ಒಂದು ಒಳಮೈಗೆ. ಒಳಮೈ ಸಾಲಲ್ಲಿ ನೀಲಿ ವಿಮಾನದ್ದು ಎಲ್ಲಿದೆ ಅಂತ ಬರೀರಿ. ಮುಗೀತು.”

“ಹೊದಿಕೆ ಅದೇ, ಅಸ್ತರ್ ಬೇರೆ.”

“ಏನಂದ್ರಿ?”

“ಏನಿಲ್ಲ, ನಮ್ಮ ಸೀಟಿನ ಭಾಷೆ.”

“ಮುಟ್ಟೋ ಮುಂಚೆ ಕಾಪಿ ಇಟ್ಕೊಳ್ಳಿ ಮತ್ತೆ. ಹಲ್ಲು ಕಿತ್ತಮೇಲೆ ಅಂಟಿಸೋಕಾಗಲ್ಲ.”

ಒಳಮೈ ಸಾಲಿನಲ್ಲಿ ಸಮ ಚಿಹ್ನೆ ಇತ್ತು. ಅದರಾಚೆ ಏನೂ ಇರಲಿಲ್ಲ. ಹಳೆಯದನ್ನು ಅಳಿಸಿದ್ದಾಳೆ, ಹೊಸದು ಬರೆದಿಲ್ಲ. ಅಷ್ಟೊತ್ತಿಗೆ ಹೊಟ್ಟೆನೋವು ಬಂದಿರಬೇಕು. ಅಥವಾ ನಾನೇ ಊಟಕ್ಕೆ ಕರೆದೆನೋ.

ಇವತ್ತು ಬರೆಯಲಿಲ್ಲ. ನೋಡಿ ಮುಚ್ಚಿದೆ.

ಮಾರ್ಚ್ 9, ಭಾನುವಾರ

ಅವಳ ತಂಗಿ ಬಂದಿದ್ದಳು. ಇಬ್ಬರೂ ಸೇರಿ ಆ ಸಾಲು ತುಂಬಿಸಿದೆವು. ಕಾಕ್‌ಪಿಟ್ ಬಂತು! ಸೀಟು, ಕಿಟಕಿ, ಹಿಡಿಕೆ. ಆದರೆ ಮೀಟರುಗಳ ಜಾಗದಲ್ಲಿ ಕಪ್ಪು ತೂತು.

“ಭಾವ, ಇದಕ್ಕೂ ಹಲ್ಲು ಬಿದ್ದೋಗಿದೆ. ನಿಮ್ಮ ಡಾಕ್ಟರನ್ನೇ ಕರೀರಿ.”

ಕರೆದೆ. ಮೀಟರುಗಳದ್ದು ಬೇರೆ ಫೋಲ್ಡರ್, ಅದೂ ಜೊತೆಗೆ ಬರಬೇಕಂತೆ. ತಂದು ಹಾಕಿದ ಮೇಲೆ ಮುಳ್ಳುಗಳು ನಡುಗಿ ನಿಂತವು. ಎಷ್ಟು ಖುಷಿಯಾಯಿತು.

ಅಲ್ಲಿಗೆ ಬಿಡಬೇಕಿತ್ತು. ಕೂತರೆ ಮುಂದಿನದು ಕಾಣದು, ಸೀಟು ತಗ್ಗು ಅನಿಸಿತು. ಕಣ್ಣು ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೂ ಒಂದು ಫೈಲಿನಲ್ಲಿ ಅಂಕಿ ಇದೆ. ನಾಲ್ಕಿಂಚು ಸ್ಪಂಜು ಹಾಕಿದರೆ ಸರಿಹೋಗುತ್ತದೆಂದು, ಇದ್ದ ಅಂಕಿ ಅಳಿಸಿ 4 ಬರೆದೆ.

ನೋಡಿದರೆ ವಿಮಾನದ ನೆತ್ತಿಯ ಮೇಲಿದ್ದೇನೆ. ಕೆಳಗೆ ಹಳದಿ ಸೂರು.

ನಾದಿನಿ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. “ವಿಮಾನ ಹತ್ತಿ ಅಂದ್ರೆ ಅದರ ತಲೆ ಮೇಲೆ ಹತ್ತಿದ್ದೀರಲ್ಲ ಭಾವ!”

ಅಲ್ಲಿ ಲೆಕ್ಕವೆಲ್ಲ ಅಡಿಯಲ್ಲಿ. ಮೂವತ್ತು ವರ್ಷ ಇಂಚಿನಲ್ಲೇ ಬದುಕಿದವನಿಗೆ ಇದನ್ನು ಯಾರು ಹೇಳಬೇಕು? ನಾನೂ ನಕ್ಕೆ. ಈ ಕೋಣೆಯಲ್ಲಿ ನಕ್ಕು ಎಷ್ಟು ದಿನವಾಗಿತ್ತು.

“ಮೊದಲಿದ್ದದ್ದನ್ನೇ ಹಾಕಿಬಿಡಿ. ಅಕ್ಕ ಅಲ್ಲಿ ತನ್ನ ಎತ್ತರಾನೇ ಹಾಕಿದ್ಲು. ಎಲ್ಲರೂ ಉದ್ದ ಆಗ್ತಾರೆ, ನಾನು ಕುಳ್ಳಿಯಾಗೇ ಹಾರ್ತೀನಿ ಅಂತಿದ್ಲು.”

ಮೊದಲು ಎಷ್ಟಿತ್ತು?

ಆ ಫೈಲಿಗೆ ಕಾಪಿ ಇಟ್ಟಿರಲಿಲ್ಲ.

ಮಾರ್ಚ್ 16, ಭಾನುವಾರ

ಒಂದು ವಾರ ಆ ಕೋಣೆಗೆ ಹೋಗಲಿಲ್ಲ. ಸೀಟು ಹೊಲಿದೆ. ಏಳು ಸೀಟು. ಮೀಸೆಯೇ ಕೇಳಿದ, “ಏನಯ್ಯಾ, ಇಷ್ಟು ಬೇಗ ಕೊಟ್ರೆ ನಾನು ಗಿರಾಕಿಗೆ ಏನು ಸುಳ್ಳು ಹೇಳಲಿ?”

ಕಂಪ್ಯೂಟರಿನಲ್ಲಿ ಅವಳದು ಅಂತ ಇದ್ದದ್ದು ಆ ಒಂದು ಅಂಕಿ. ವಿಮಾನದ ಬಣ್ಣ ಬೇರೆ ಯಾರೋ ಮಾಡಿದ್ದು, ರೆಕ್ಕೆ ಬೇರೆ ಯಾರೋ ಮಾಡಿದ್ದು. ಅದನ್ನೇ ಅಳಿಸಿದೆ.

ಕ್ಯಾಪ್ಟನ್ “ಅಂದಾಜು ಒಂದು ಹಾಕಿ, ಯಾರಿಗೆ ಗೊತ್ತಾಗತ್ತೆ?” ಎಂದರು. ಸರಿಯೇ. ಅಂದಾಜಿನಲ್ಲಿ ಸೀಟು ಮಾಡುವವರೂ ಇದ್ದಾರೆ.

ಮಾರ್ಚ್ 19. ಬೆಳಿಗ್ಗೆ

ಎಂಥ ಪೆದ್ದ ನಾನು! ಅವಳು ಓಡಿಸುತ್ತಿದ್ದ ಶಾಲೆ ವ್ಯಾನಿಗೆ ಸೀಟು ಮಾಡಿದವನು ನಾನೇ ಅಲ್ಲವೇ. ಆಗಿನ್ನೂ ಮದುವೆಯಿಲ್ಲ, ಗಿರಾಕಿ. ಅಳತೆ ಪುಸ್ತಕ ಹುಡುಕಿ ತೆಗೆದೆ. ನನ್ನದೇ ಅಕ್ಷರ: ‘ವ್ಯಾನ್ ಮೇಡಂ. ಸೀಟಿನಿಂದ ಕಣ್ಣಿಗೆ 26 ಇಂಚು.’

ಪರದೆಯಲ್ಲಿ ಕಣ್ಣನ್ನು ಇಳಿಸುತ್ತಾ ಇಳಿಸುತ್ತಾ ಸೀಟಿನ ಮಟ್ಟಕ್ಕೆ ತಂದೆ. ಅಲ್ಲಿಂದ ಮೇಲಕ್ಕೆ ಇಪ್ಪತ್ತಾರು. ಹನ್ನೆರಡರಿಂದ ಭಾಗಿಸಿದೆ — ಈ ಸಲ ಮರೆಯಲಿಲ್ಲ. ಕೂಡಿಸಿ ಬರೆದೆ.

ಕೂತೆ. ಮುಂದೆ ಬರೀ ವಿಮಾನದ ಮೂತಿ. ರನ್‌ವೇ ಕಾಣಬೇಕಾದರೆ ನೋಟವನ್ನು ಎಡ ಕಿಟಕಿಗೆ ಹೊರಳಿಸಬೇಕು. ಹೊರಳಿಸುವಾಗ ನನ್ನ ಕತ್ತೂ ಹಾಗೇ ಎಡಕ್ಕೆ ವಾಲಿತು.

ಅವಳು ವಿಮಾನ ಇಳಿಸುವಾಗಲೆಲ್ಲ ಹೀಗೇ ವಾಲುತ್ತಿದ್ದಳು. ಕತ್ತುನೋವು ಎಂದುಕೊಂಡು ಮುಲಾಮು ತಂದುಕೊಟ್ಟಿದ್ದೆ, ಎರಡು ಸಲ. ಹಚ್ಚಿಕೊಂಡೂ ಇದ್ದಳು, ಪುಣ್ಯಾತ್ಗಿತ್ತಿ. ಒಂದು ಮಾತು ಹೇಳಬಾರದಿತ್ತೇ?

ಸರಿಯಾಗಿದೆ ಅಳತೆ. ಇದೇ ಅದು.

ಮಾರ್ಚ್ 22, ಶನಿವಾರ

ಆರು ಸಲ ಹಾರಿಸಿದೆ. ಎರಡು ಸಲ ಇಳಿಸಿದೆ. ಉಳಿದ ನಾಲ್ಕನ್ನು ಇಲ್ಲಿ ಬರೆಯುವುದಿಲ್ಲ.

ಕೋಣೆ ಗುಡಿಸಿದೆ. ಅವಳ ಸ್ವೆಟರ್ ಕುರ್ಚಿಯ ಬೆನ್ನಿನಿಂದ ತೆಗೆದು, ಮಡಚಿ, ಕಪಾಟಿನಲ್ಲಿಟ್ಟೆ. ಇಟ್ಟ ಮೇಲೆ ಕೈ ಖಾಲಿ ಅನಿಸಿತು, ಅಷ್ಟೇ. ಚೆನ್ನಾಗಿ ಊಟ ಮಾಡಿದೆ.

ಮಾರ್ಚ್ 23, ಭಾನುವಾರ. ಸಂಜೆ 5.05

ಒಂಬತ್ತು ವಿಮಾನ ಸಾಲಾಗಿ ನಿಂತಿವೆ. ನಾಲ್ಕನೆಯ ಜಾಗ ಖಾಲಿ ಇತ್ತು. ಇಷ್ಟು ದಿನವೂ ಅದನ್ನು ಬಿಟ್ಟೇ ನಿಲ್ಲುತ್ತಿದ್ದರಂತೆ. ತೆವಳಿಸಿಕೊಂಡು ಹೋಗಿ ನಿಲ್ಲಿಸಿದೆ. ಕೊಂಚ ಸೊಟ್ಟ.

ಹೆಡ್‌ಫೋನಿನಲ್ಲಿ ಯಾರೋ ಹೆಂಗಸು, “ಅಯ್ಯೋ, ಹಳದಿ ಬಂತು” ಅಂದರು. ಕ್ಯಾಪ್ಟನ್ ಕೆಮ್ಮಿದರು. “ಒಳಗೆ ಹೇಗಿದೆ?”

“ಅವಳಿಗೆ ಸರಿಯಾಗಿದೆ” ಅಂದೆ. “ನನಗೆ ಸ್ವಲ್ಪ ತಗ್ಗು.”

ನಕ್ಕರು. ನಾದಿನಿ ಪಕ್ಕದಲ್ಲಿ ಮೂಗೊರೆಸಿಕೊಳ್ಳುತ್ತ, “ಬರೆದಿದ್ದು ಸಾಕು ಭಾವ, ಮುಂದೆ ನೋಡಿ” ಅನ್ನುತ್ತಿದ್ದಾಳೆ.

ಮೊದಲನೆಯದು ಏರಿತು. ಎರಡನೆಯದು ಏರಿತು. ಹಾಯಾಗಿದೆ. ಮೂರನೆಯದು ಓಡುತ್ತಿದೆ… ಎದ್ದಿತು. ಇನ್ನು ಎರಡೂ ಕೈ ಬೇಕು, ಪೆನ್ನು